ನಾಳೆ ಬಾ: ಒಂದು ವೀಸಾ ಚೀಟಿಯ ವಿಮರ್ಶೆ

ಸಿನಿಮಾ ವಿಮರ್ಶೆ, ಪುಸ್ತಕ ವಿಮರ್ಶೆ, ಹೊಸ ಫೋನಿನ ವಿಮರ್ಶೆ ಎಲ್ಲ ಓದಿರ್ತೀರಿ. ಈ ಸಲ ನಾನು ಕೈಗೆತ್ತಿಕೊಂಡಿರೋದು ಒಂದು ಚೀಟಿ. ಒಂದೇ ಹಾಳೆ, ಲೇಖಕರ ಹೆಸರಿಲ್ಲ, ಬೆಲೆ ಮಾತ್ರ ಜೋರು. ಅಮೆರಿಕದ ವಿದ್ಯಾರ್ಥಿ ವೀಸಾ ಇಂಟರ್ವ್ಯೂ ಮುಗಿದ ಮೇಲೆ ಕೆಲವರ ಕೈಗೆ ಕಿಟಕಿಯ ಆ ಕಡೆಯಿಂದ ಬರುವ 221-ಜಿ ಚೀಟಿ ಅದು. ಅದನ್ನು ಓದುವವರಷ್ಟು ಶ್ರದ್ಧೆಯಿಂದ ಯಾವ ಕಾದಂಬರಿಯನ್ನೂ ಯಾರೂ ಓದಿರಲಿಕ್ಕಿಲ್ಲ. ವಾಪಸ್ ಬರೋ ರೈಲಿನಲ್ಲಿ, ರಾತ್ರಿ ಎರಡಕ್ಕೆ ಮೊಬೈಲ್ ಬೆಳಕಿನಲ್ಲಿ, ಒಂದೊಂದು ಪದವನ್ನೂ ತಿರುವಿ ಹಾಕಿ ಓದ್ತಾರೆ. ಇಷ್ಟು ಓದಿದ ಮೇಲೂ ಅರ್ಥ ಹತ್ತದಿದ್ದರೆ ಅದು ಓದುಗರ ದಡ್ಡತನ ಆಗಿರಲಾರದು. ಬರೆದವರನ್ನೇ ಕೇಳಬೇಕಾಗ್ತದೆ.

ಓದುಗರ ಸಂಖ್ಯೆಯೂ ಸಣ್ಣದಲ್ಲ. 2023-24ರಲ್ಲಿ ಅಮೆರಿಕದಲ್ಲಿ ಓದ್ತಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಚೀನಾವನ್ನು ಹಿಂದೆ ಹಾಕಿ ನಾವು ಮೊದಲ ಸ್ಥಾನಕ್ಕೆ ಬಂದ ವರ್ಷ ಅದು. ಇವರೆಲ್ಲರಿಗೂ ಚೀಟಿ ಸಿಕ್ಕಿರಲ್ಲ, ಬಹುತೇಕರಿಗೆ ಇಂಟರ್ವ್ಯೂ ದಿನವೇ ಕೆಲಸ ಆಗಿರ್ತದೆ. ಸಿಕ್ಕವರ ಕಥೆ ಮಾತ್ರ ಬೇರೆ.

ಚೀಟಿ ಹೇಳೋದಾದ್ರೂ ಏನು? ಅಮೆರಿಕದ ವಲಸೆ ಕಾನೂನು 1952ರದ್ದು. ವಿದ್ಯಾರ್ಥಿಗಳಿಗೆ ಎದುರಾಗೋದು ಹೆಚ್ಚಾಗಿ ಅದರ ಎರಡು ಸೆಕ್ಷನ್ನುಗಳು. 214-ಬಿ ಅಂದ್ರೆ, ಓದು ಮುಗಿಸಿ ನೀನು ಊರಿಗೆ ವಾಪಸ್ ಹೋಗ್ತೀಯ ಅಂತ ನನಗೆ ನಂಬಿಕೆ ಬಂದಿಲ್ಲ ಅಂತ ಆಫೀಸರ್ ಹೇಳಿದ ಹಾಗೆ. ಕಹಿ, ಆದರೆ ಸ್ಪಷ್ಟ. ಬೇಕಾದ್ರೆ ಮತ್ತೆ ಫೀ ಕಟ್ಟಿ ಹೊಸದಾಗಿ ಅರ್ಜಿ ಹಾಕಬೇಕು. 221-ಜಿ ಹಾಗಲ್ಲ. ಇವತ್ತು ನನ್ನ ಮುಂದಿರೋ ಮಾಹಿತಿಯ ಮೇಲೆ ವೀಸಾ ಕೊಡಾಕ ಆಗಲ್ಲ ಅನ್ನೋದು ಅದರ ತಾತ್ಪರ್ಯ. ಇದರಲ್ಲೂ ಎರಡು ಬಗೆ. ಒಂದು, ಯಾವುದೋ ಕಾಗದ ಬಾಕಿ ಇದೆ, ಕಳಿಸು ಅನ್ನೋದು. ಬ್ಯಾಂಕ್ ಪತ್ರ, ಬಯೋಡೇಟಾ, ಸಂಶೋಧನೆಯ ವಿವರ, ಹೀಗೆ. ಇನ್ನೊಂದು, ನೀನೇನೂ ಕಳಿಸಬೇಕಾಗಿಲ್ಲ, ನಿನ್ನ ಅರ್ಜಿ 'ಅಡ್ಮಿನಿಸ್ಟ್ರೇಟಿವ್ ಪ್ರೊಸೆಸಿಂಗ್'ನಲ್ಲಿದೆ ಅನ್ನೋದು.

ಈ ಎರಡನೆಯದಕ್ಕೆ ಕಾರಣಗಳು ಹಲವು. ಹೆಸರು ಯಾವುದೋ ತಪಾಸಣಾ ಪಟ್ಟಿಯ ಹೆಸರಿಗೆ ಹೋಲಬಹುದು. ಓದಲು ಹೊರಟಿರೋ ವಿಷಯ ಅಮೆರಿಕ ಸೂಕ್ಷ್ಮ ಅಂತ ಗುರುತಿಸಿರೋ ತಂತ್ರಜ್ಞಾನಗಳ ಪಟ್ಟಿಗೆ ಹತ್ತಿರ ಇರಬಹುದು. ಇದಕ್ಕೆ ಟೆಕ್ನಾಲಜಿ ಅಲರ್ಟ್ ಲಿಸ್ಟ್ ಅಂತಾರೆ. ಕೆಲವರಿಗೆ ಡಿಎಸ್-5535 ಅನ್ನೋ ಪ್ರಶ್ನಾವಳಿ ಬರ್ತದೆ. ಹದಿನೈದು ವರ್ಷದ ಪ್ರಯಾಣ, ವಿಳಾಸ, ನೌಕರಿ, ಐದು ವರ್ಷದ ಸೋಶಿಯಲ್ ಮೀಡಿಯಾ ಖಾತೆಗಳು, ಎಲ್ಲ ತುಂಬಬೇಕು. ಇಪ್ಪತ್ತೆರಡರ ಹುಡುಗ ಹದಿನೈದು ವರ್ಷ ಹಿಂದಕ್ಕೆ ಹೋದರೆ ಎರಡನೇ ಇಯತ್ತೆಯ ವಿಳಾಸಕ್ಕೆ ಬಂದು ನಿಲ್ತಾನೆ. 2025ರ ಮೇ ಕೊನೆಗೆ ವಿದ್ಯಾರ್ಥಿಗಳ ಹೊಸ ಇಂಟರ್ವ್ಯೂ ದಿನಾಂಕ ಕೊಡೋದನ್ನೇ ನಿಲ್ಲಿಸಿ, ಜೂನ್ 18ಕ್ಕೆ ಮತ್ತೆ ಶುರು ಮಾಡಿದಾಗ ಸೋಶಿಯಲ್ ಮೀಡಿಯಾ ಪ್ರೊಫೈಲುಗಳನ್ನ ಎಲ್ಲರಿಗೂ ಕಾಣೋ ಹಾಗೆ ಇಡಬೇಕು ಅನ್ನೋ ನಿಯಮವೂ ಸೇರಿತು.

ಇಲ್ಲಿವರೆಗೆ ನನ್ನ ತಕರಾರಿಲ್ಲ. ಯಾರ ಮನೆಗೆ ಯಾರು ಬರಬೇಕು ಅಂತ ನೋಡಿಕೊಳ್ಳೋ ಹಕ್ಕು ಮನೆಯವರದ್ದು. ತಕರಾರು ಇರೋದು ಚೀಟಿಯ ಭಾಷೆಯ ಬಗ್ಗೆ, ಮತ್ತೆ ಆ ಭಾಷೆ ಮುಚ್ಚಿಡೋ ಕಾಲದ ಬಗ್ಗೆ.

'ಅಡ್ಮಿನಿಸ್ಟ್ರೇಟಿವ್ ಪ್ರೊಸೆಸಿಂಗ್' ಅನ್ನೋ ಎರಡು ಪದ ತಗೊಳ್ರಿ. ಕನ್ನಡಕ್ಕೆ ತಂದರೆ 'ಆಡಳಿತಾತ್ಮಕ ಪ್ರಕ್ರಿಯೆ', ಅಂದರೆ ಇಂಗ್ಲಿಷಿಗಿಂತಲೂ ಕಡಿಮೆ ಅರ್ಥ. ಯಾರು ಮಾಡ್ತಿದ್ದಾರೆ, ಏನನ್ನ ಮಾಡ್ತಿದ್ದಾರೆ, ಯಾಕೆ, ಎಲ್ಲಿವರೆಗೆ? ನಾಲ್ಕಕ್ಕೂ ಉತ್ತರ ಇಲ್ಲ. ಕರ್ತೃ ಇಲ್ಲ, ಕರ್ಮ ಇಲ್ಲ, ಬರೀ ಕ್ರಿಯೆ. ನಮ್ಮ ಆಫೀಸಿನಲ್ಲಿ ಯಾರಾದ್ರೂ ಒಂದು ಫಂಕ್ಷನ್ನಿಗೆ 'ಪ್ರೊಸೆಸ್ ಡೇಟಾ' ಅಂತ ಹೆಸರಿಟ್ಟರೆ ಕೋಡ್ ರಿವ್ಯೂನಲ್ಲಿ ವಾಪಸ್ ಕಳಿಸ್ತೀವಿ. ಎಲ್ಲ ಫಂಕ್ಷನ್ನೂ ಯಾವುದೋ ಡೇಟಾವನ್ನ ಪ್ರೊಸೆಸ್ ಮಾಡ್ತದಪ್ಪ, ಇದು ಏನು ಮಾಡ್ತದೆ ಅಂತ ಹೇಳು ಅಂತೀವಿ. ಒಂದು ಲಾಗಿನ್ ಪೇಜಿಗೆ ಇರೋ ಈ ಶಿಸ್ತು ಒಬ್ಬರ ಎರಡು ವರ್ಷದ ಓದನ್ನ ತಡೆದು ನಿಲ್ಲಿಸೋ ಪದಕ್ಕೆ ಇಲ್ಲ.

ಹಳ್ಳಿಯಲ್ಲಿ ಬೆಳೆದ ನನಗೆ ಈ ವ್ಯಾಕರಣ ಹೊಸದೂ ಅಲ್ಲ. ಹೊಲದ ಉತಾರಕ್ಕೆ ಅಪ್ಪನ ಜೋಡಿ ಕಚೇರಿಗೆ ಹೋದಾಗಲೆಲ್ಲ ಕೇಳಿದ್ದು ಇದೇ ಧಾಟಿ. 'ಫೈಲು ಮ್ಯಾಲೆ ಹೋಗೇತಿ.' ಮ್ಯಾಲೆ ಅಂದ್ರೆ ಎಲ್ಲಿಗೆ, ಯಾರ ಟೇಬಲ್ಲಿಗೆ? ಕೇಳಿದರೆ, 'ನಡದೈತ್ರಿ, ಆಗ್ತೈತಿ.' ಅಡ್ಮಿನಿಸ್ಟ್ರೇಟಿವ್ ಪ್ರೊಸೆಸಿಂಗ್ ಅಂದ್ರೆ ಟೈ ಕಟ್ಟಿಕೊಂಡ 'ಫೈಲು ಮ್ಯಾಲೆ ಹೋಗೇತಿ'.

ಎರಡನೇ ಸಮಸ್ಯೆ ಇನ್ನೂ ದೊಡ್ಡದು. 2020ರಿಂದ, ಆನ್‌ಲೈನಿನಲ್ಲಿ ಅರ್ಜಿಯ ಸ್ಥಿತಿ ನೋಡಿದರೆ 221-ಜಿ ಅರ್ಜಿಗಳ ಎದುರು ಕಾಣೋದು 'ರೆಫ್ಯೂಸ್ಡ್', ಅಂದ್ರೆ ನಿರಾಕರಿಸಲಾಗಿದೆ. ಅದಕ್ಕೂ ಮುಂಚೆ ಅದೇ ಸ್ಥಿತಿಗೆ 'ಅಡ್ಮಿನಿಸ್ಟ್ರೇಟಿವ್ ಪ್ರೊಸೆಸಿಂಗ್' ಅಂತಲೇ ಕಾಣ್ತಿತ್ತು. ಕಾನೂನಿನ ಕಣ್ಣಲ್ಲಿ 221-ಜಿ ಒಂದು ನಿರಾಕರಣೆಯೇ, ಅದು ಖರೆ. ಆದರೆ ಬಾಗಿಲು ಮುಚ್ಚಿ ಬೀಗ ಹಾಕಿದ ಅರ್ಜಿ, ಇನ್ನೂ ತಪಾಸಣೆಯಲ್ಲಿರೋ ಅರ್ಜಿ, ಇವೆರಡಕ್ಕೂ ಒಂದೇ ಕೆಂಪು ಪದ. ಕೆಳಗೆ ಸಣ್ಣ ಅಕ್ಷರದಲ್ಲಿ, ತಪಾಸಣೆ ನಡೆಯುವವರೆಗೆ ನಿರಾಕರಣೆಯ ಸ್ಥಿತಿಯಲ್ಲೇ ಇರುತ್ತದೆ, ಮುಗಿದ ಮೇಲೆ ಮತ್ತೆ ತೀರ್ಮಾನ ಆಗುತ್ತದೆ ಅನ್ನೋ ಅರ್ಥದ ವಿವರಣೆ ಇದೆ. ದೊಡ್ಡ ಅಕ್ಷರ ಒಂದು ಹೇಳಿ, ಸಣ್ಣ ಅಕ್ಷರ ಇನ್ನೊಂದು ಹೇಳಿದರೆ ಮನೆಯವರು ಓದೋದು ದೊಡ್ಡದನ್ನೇ.

ನಾನಿರೋ ಕಮರಿಪೇಟೆಯಂಥ ಜಾಗದಲ್ಲಿ ಇದರ ಪರಿಣಾಮ ಯೋಚಿಸಿ ನೋಡ್ರಿ. ಇಲ್ಲಿ ವೀಸಾ ಒಬ್ಬರ ಖಾಸಗಿ ವಿಷಯ ಆಗಿರಲ್ಲ. ಮಗ ಎಂ.ಎಸ್. ಮಾಡಾಕ ಹೊಂಟಾನ ಅಂದ್ರೆ ಕಿರಾಣಿ ಅಂಗಡಿಗೂ ಗೊತ್ತು, ಸಾವಜಿ ಖಾನಾವಳಿಯ ಟೇಬಲ್ಲಿಗೂ ಗೊತ್ತು. ಇಂಟರ್ವ್ಯೂ ಮುಗಿಸಿ ಬಂದವನಿಗೆ ಎಲ್ಲರದೂ ಒಂದೇ ಪ್ರಶ್ನೆ: 'ವೀಸಾ ಆತೇನೋ ತಮ್ಮಾ?' ನಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ಪ್ರಾಮಾಣಿಕ ಉತ್ತರ ಇದೆ: 'ಆಗಾಕತ್ತೈತ್ರಿ.' ಆಗಿಲ್ಲ, ಆಗಲ್ಲ ಅಂತಲೂ ಅಲ್ಲ, ಆಗ್ತಾ ಇದೆ. ಒಂದೇ ಪದದಲ್ಲಿ ಸ್ಥಿತಿ ಸ್ಪಷ್ಟ. ಅಷ್ಟು ದೊಡ್ಡ ಸರ್ಕಾರದ ಸಾಫ್ಟ್‌ವೇರಿಗೆ ಈ ಒಂದು ಕ್ರಿಯಾಪದ ಸಿಗಲಿಲ್ಲ. ಹುಡುಗ 'ಆಗಾಕತ್ತೈತಿ' ಅಂತಾನೆ, ಅವನ ಮೊಬೈಲು 'ನಿರಾಕರಿಸಲಾಗಿದೆ' ಅಂತದೆ. ಪಕ್ಕದ ಮನೆಯವರು ಯಾರನ್ನ ನಂಬಬೇಕು?

ಈ ಪದದ ಆಟಕ್ಕೆ ಕರ್ನಾಟಕದಲ್ಲೇ ಒಂದು ಪ್ರಸಿದ್ಧ ಪ್ರಕರಣ ಇದೆ. ವಿದ್ಯಾರ್ಥಿಯದ್ದಲ್ಲ, ವಿದ್ಯಾರ್ಥಿಗಳನ್ನ ತಯಾರು ಮಾಡಿದವರದ್ದು. 2006ರ ಫೆಬ್ರವರಿ. ಗೋವರ್ಧನ ಮೆಹ್ತಾ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಿಂದಿನ ನಿರ್ದೇಶಕರು, ಸಾವಯವ ರಸಾಯನಶಾಸ್ತ್ರದ ದೊಡ್ಡ ಹೆಸರು, ಆಗ ಅಂತಾರಾಷ್ಟ್ರೀಯ ವಿಜ್ಞಾನ ಮಂಡಳಿಯ ಅಧ್ಯಕ್ಷರು. ಫ್ಲಾರಿಡಾ ವಿಶ್ವವಿದ್ಯಾಲಯದ ಆಹ್ವಾನದ ಮೇಲೆ ಹೊರಟಿದ್ದರು. ಚೆನ್ನೈ ಕಾನ್ಸುಲೇಟಿನಲ್ಲಿ ಅವರ ರಸಾಯನಶಾಸ್ತ್ರ ರಾಸಾಯನಿಕ ಅಸ್ತ್ರಕ್ಕೆ ಬಳಕೆಯಾಗಬಹುದು ಅನ್ನೋ ಸಂಶಯ ಎದುರಾಯಿತು, ಸಂಶೋಧನೆಯ ಹೆಚ್ಚಿನ ವಿವರ ಕೇಳಿದರು. ತಮಗೆ ವೀಸಾ ನಿರಾಕರಿಸಿದ್ದಾರೆ, ಇದು ಅವಮಾನ ಅಂತ ಮೆಹ್ತಾ ಬಹಿರಂಗವಾಗಿ ಹೇಳಿದರು. ಅಮೆರಿಕದ ರಾಯಭಾರ ಕಚೇರಿಯ ಉತ್ತರ ಏನಿತ್ತು? ವೀಸಾ ನಿರಾಕರಿಸಿಲ್ಲ, ಕೆಲವು ವೈಜ್ಞಾನಿಕ ಕ್ಷೇತ್ರಗಳ ಅರ್ಜಿದಾರರಿಗೆ ಇರೋ ಮಾಮೂಲಿ ಕ್ರಮ ಅನುಸರಿಸಿದ್ದೇವೆ ಅಂತ.

ಅಂದರೆ ಹೆಚ್ಚಿನ ಮಾಹಿತಿ ಕೇಳಿ ತಡೆದಿಟ್ಟ ಅರ್ಜಿಗೆ ಅವತ್ತು ಪತ್ರಿಕೆಗಳ ಮುಂದೆ ಸಿಕ್ಕ ಹೆಸರು 'ನಿರಾಕರಿಸಿಲ್ಲ'. ಅಂಥದ್ದೇ ಅರ್ಜಿಗೆ ಇವತ್ತು ವಿದ್ಯಾರ್ಥಿಯ ಮೊಬೈಲಿನಲ್ಲಿ ಸಿಗೋ ಹೆಸರು 'ನಿರಾಕರಿಸಲಾಗಿದೆ'. ಮೆಹ್ತಾ ಪ್ರಕರಣ ದೊಡ್ಡ ಸುದ್ದಿಯಾಯಿತು, ಅಧ್ಯಕ್ಷ ಬುಷ್ ಭಾರತಕ್ಕೆ ಬರೋದಕ್ಕೆ ಕೆಲವೇ ದಿನ ಉಳಿದಿದ್ದವು, ರಾಯಭಾರ ಕಚೇರಿ ವಿಷಾದ ಹೇಳಿತು, ವೀಸಾ ಬೇಗನೆ ಮಂಜೂರಾಯಿತು. ಹುಬ್ಬಳ್ಳಿಯ ಒಬ್ಬ ಬಿ.ಇ. ಹುಡುಗನ ಚೀಟಿ ಕ್ಲಿಯರ್ ಮಾಡಿಸಾಕ ಯಾವ ಅಧ್ಯಕ್ಷರು ವಿಮಾನ ಹತ್ತಬೇಕು?

ಇನ್ನು ಕಾಲದ ವಿಷಯ. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಸೀಟು ಖಾತ್ರಿ, ಮೇನಲ್ಲಿ ಐ-20 ಪತ್ರ, ಜೂನ್‌ನಲ್ಲಿ ಇಂಟರ್ವ್ಯೂ, ಆಗಸ್ಟಿನಲ್ಲಿ ಕ್ಲಾಸು. ಅಮೆರಿಕದ ವಿದೇಶಾಂಗ ಇಲಾಖೆ ಒಂದು ಕಾಲದಲ್ಲಿ, ಹೆಚ್ಚಿನ ತಪಾಸಣೆಗಳು 60 ದಿನದಲ್ಲಿ ಮುಗಿಯುತ್ತವೆ ಅಂತ ಬರೀತಿತ್ತು. ಆಮೇಲೆ ಆ ಸಾಲು ಹೋಗಿ, ಒಂದೊಂದು ಪ್ರಕರಣಕ್ಕೆ ಒಂದೊಂದು ಅವಧಿ ಅನ್ನೋ ಅರ್ಥದ ಸಾಲು ಬಂತು. ವಿಚಾರಿಸೋದಕ್ಕೂ ಮುಂಚೆ 180 ದಿನ ಕಾಯಿರಿ ಅನ್ನೋ ಸಲಹೆಯನ್ನೂ ಕೊಟ್ಟಿದೆ. ಜೂನ್ 15ಕ್ಕೆ 180 ದಿನ ಕೂಡಿಸಿದರೆ ಡಿಸೆಂಬರ್ 12. ಒಂದು ಸೆಮಿಸ್ಟರ್ ಶುರುವಾಗಿ, ಪರೀಕ್ಷೆ ಮುಗಿಯೋ ಹೊತ್ತಿಗೆ 'ನನ್ನ ಅರ್ಜಿ ಏನಾಯ್ತು?' ಅಂತ ಕೇಳೋ ಹಕ್ಕು ಹುಟ್ತದೆ. ಕ್ಲಾಸಿಗೆ ಹೋಗಬೇಕಾದವನಿಗೆ ಅಷ್ಟು ತಡ ಅಂದ್ರೆ ಅದೇ ಒಂದು ತೀರ್ಪು. ಯಾರೂ ಸಹಿ ಹಾಕದ ತೀರ್ಪು.

ನಾನು ಸಣ್ಣವನಿದ್ದಾಗ, ತೊಂಬತ್ತರ ದಶಕದಲ್ಲಿ, ಬೆಂಗಳೂರಿಂದ ಹಿಡಿದು ಹಳ್ಳಿಗಳವರೆಗೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ದರು. ರಾತ್ರಿ ಬಾಗಿಲು ಬಡಿಯೋ ದೆವ್ವ ಅದನ್ನು ಓದಿ ವಾಪಸ್ ಹೋಗ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದ್ತದೆ, ಮತ್ತೆ ವಾಪಸ್ ಹೋಗ್ತದೆ. 221-ಜಿ ಸ್ಟೇಟಸ್ ಪೇಜು ಅದೇ ಬಾಗಿಲು. ದಿನಾ ಬೆಳಿಗ್ಗೆ ತೆಗೆದು ನೋಡೋ ವಿದ್ಯಾರ್ಥಿಯದ್ದು ದೆವ್ವದ ಪಾತ್ರ. ದೆವ್ವಕ್ಕಾದರೆ ಸೆಮಿಸ್ಟರ್ ಇರಲಿಲ್ಲ.

ಈ ಕಾಯುವಿಕೆ ಎಲ್ಲರಿಗೂ ಒಂದೇ ತೂಕದ್ದೂ ಅಲ್ಲ. ವೀಸಾ ಫೀ 185 ಡಾಲರ್, ಸೆವಿಸ್ ಫೀ 350 ಡಾಲರ್, ಎರಡೂ ಸೇರಿ 45 ಸಾವಿರ ರೂಪಾಯಿ ಆಚೆ ಈಚೆ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿ 17ಕ್ಕೆ ಉದ್ಘಾಟನೆ ಆಯಿತು, ವೀಸಾ ಸೇವೆ ಇಲ್ಲದೆಯೇ. ಹಾಗಾಗಿ ಇಲ್ಲಿಯವರು ಚೆನ್ನೈಗೋ ಹೈದರಾಬಾದಿಗೋ ಹೋಗಿ ಬರೋ ಖರ್ಚು ಬೇರೆ. ಅಪ್ಪ-ಅಮ್ಮ ಇಬ್ಬರೂ ದೊಡ್ಡ ಕೆಲಸದಲ್ಲಿರೋ ಮನೆಯಲ್ಲಿ 221-ಜಿ ಬಂದರೆ, 'ಇರ್ಲಿ, ಜನವರಿಗೆ ಹೋದ್ರಾತು' ಅಂತಾರೆ. ಮನೆಪತ್ರ, ಹೊಲದ ಉತಾರ ಬ್ಯಾಂಕಿನಲ್ಲಿಟ್ಟು ಸಾಲ ಮಂಜೂರು ಮಾಡಿಸಿಕೊಂಡ ಮನೆಯಲ್ಲಿ ಹಾಗನ್ನೋದಕ್ಕೆ ಎದೆ ಬೇಕು. ಹುಡುಗ ಇದ್ದ ನೌಕರಿಗೆ ರಾಜೀನಾಮೆ ಕೊಟ್ಟಿರ್ತಾನೆ, ಯೂನಿವರ್ಸಿಟಿಗೆ ಡಿಪಾಸಿಟ್ ಕಟ್ಟಿರ್ತಾನೆ. ಚೀಟಿಯಲ್ಲಿ ಒಂದು ತಾರೀಖು ಇದ್ದಿದ್ದರೆ ಇವೆಲ್ಲದರ ಬಗ್ಗೆ ಏನಾದ್ರೂ ತೀರ್ಮಾನ ತಗೋಬಹುದಿತ್ತು. ಇಲ್ಲ ಅಂದ್ರೂ ಮನುಷ್ಯ ಬೇರೆ ದಾರಿ ನೋಡ್ತಾನೆ. ಏನೂ ಅನ್ನದಿದ್ದರೆ ನಿಂತಲ್ಲೇ ನಿಲ್ತಾನೆ.

ಕೋರ್ಟಿಗೆ ಹೋಗಬಹುದಲ್ಲ ಅಂತ ಕೇಳಬಹುದು. ಕಾನ್ಸುಲರ್ ಆಫೀಸರ್ ವೀಸಾ ಕೊಡದಿದ್ದರೆ ಆ ತೀರ್ಮಾನವನ್ನ ನ್ಯಾಯಾಲಯಗಳು ಸಾಮಾನ್ಯವಾಗಿ ಪರಿಶೀಲಿಸೋದಿಲ್ಲ ಅನ್ನೋದನ್ನ ಅಮೆರಿಕದ ಸುಪ್ರೀಂ ಕೋರ್ಟ್ 2024ರ ಮುನೋಜ್ ಪ್ರಕರಣದಲ್ಲಿ ಮತ್ತೆ ಗಟ್ಟಿ ಮಾಡಿದೆ. ತೀರಾ ತಡವಾದರೆ 'ಬೇಗ ತೀರ್ಮಾನ ಮಾಡಿ' ಅಂತ ಕೇಸು ಹಾಕೋರಿದ್ದಾರೆ, ಆದರೆ ಅಲ್ಲಿನ ವಕೀಲರ ಫೀ ಕಟ್ಟೋ ತಾಕತ್ತು ಸಾಲ ಮಾಡಿ ಹೊರಟವರಿಗೆ ಎಲ್ಲಿಂದ ಬರಬೇಕು?

ಲಕ್ಷಗಟ್ಟಲೆ ಅರ್ಜಿ, ಭದ್ರತೆಯ ವಿಷಯ, ತಡ ಆಗೋದು ಸಹಜ ಅನ್ನೋ ವಾದವೂ ಇದೆ. ಇದನ್ನ ಹಗುರಾಗಿ ತಳ್ಳಿಹಾಕಬಾರದು. ಆದರೆ ಇದಕ್ಕೆ ಉತ್ತರ ಅಮೆರಿಕದ ದಾಖಲೆಯಲ್ಲೇ ಇದೆ. ವಿಜ್ಞಾನದ ವಿದ್ಯಾರ್ಥಿಗಳು ಮತ್ತು ಸಂಶೋಧಕರ ಅರ್ಜಿಗಳಿಗೆ 'ವೀಸಾಸ್ ಮ್ಯಾಂಟಿಸ್' ಅನ್ನೋ ಭದ್ರತಾ ತಪಾಸಣೆ ಇದೆ. ಅಲ್ಲಿನ ಸಂಸತ್ತಿಗೆ ವರದಿ ಕೊಡೋ ಲೆಕ್ಕಪರಿಶೋಧನಾ ಸಂಸ್ಥೆ, ಜಿಎಒ, 2003ರ ಒಂದಷ್ಟು ಪ್ರಕರಣ ತೆಗೆದು ದಿನ ಎಣಿಸಿತು. ಸರಾಸರಿ 67 ದಿನ ಅಂತ 2004ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಕಾರಣಗಳನ್ನ ಓದಿದಾಗ ನನಗೆ ನಗು ಬಂತು, ಯಾಕಂದ್ರೆ ಅವು ನಮ್ಮ ದಿನನಿತ್ಯದ ಜಗಳಗಳೇ. ವಿದೇಶಾಂಗ ಇಲಾಖೆಯ ಸಿಸ್ಟಮ್ಮಿಗೂ ಎಫ್‌ಬಿಐ ಸಿಸ್ಟಮ್ಮಿಗೂ ಹೊಂದಾಣಿಕೆ ಇಲ್ಲ. ಯಾವ ಅರ್ಜಿಯನ್ನ ತಪಾಸಣೆಗೆ ಕಳಿಸಬೇಕು ಅಂತ ಕಾನ್ಸುಲೇಟ್ ಸಿಬ್ಬಂದಿಗೆ ಸ್ಪಷ್ಟ ಸೂಚನೆ ಇಲ್ಲ. ವರದಿ ಬಂದ ಮೇಲೆ ರಿಪೇರಿ ಶುರುವಾಯಿತು. ಅದೇ ವರ್ಷ ನವೆಂಬರ್ ಹೊತ್ತಿಗೆ ಸರಾಸರಿ ಸುಮಾರು 15 ದಿನಕ್ಕೆ ಇಳಿದಿತ್ತು.

ಅಲ್ಲಿ ತಪಾಸಣೆ ನಿಂತಿರಲಿಲ್ಲ, ದಿನ ಎಣಿಸೋದು ಶುರುವಾಗಿತ್ತು. ದೇಶದ ಭದ್ರತೆಯ ಹೆಸರಿನ ತಡದಲ್ಲಿ ಎಷ್ಟು ಪಾಲು ಭದ್ರತೆ, ಎಷ್ಟು ಪಾಲು ಹೊಂದಾಣಿಕೆ ಆಗದ ಸಾಫ್ಟ್‌ವೇರು ಅಂತ ಎಣಿಸಿದವರಿಗೆ ಮಾತ್ರ ಗೊತ್ತಾಗ್ತದೆ. ತಾರೀಖು ಬರೆಯದ ಚೀಟಿಯ ಅನುಕೂಲ ಇದೇ: ಬರೆಯದ ಗಡುವು ಎಂದೂ ತಪ್ಪೋದಿಲ್ಲ.

ನಮ್ಮ ಸರ್ಕಾರವನ್ನ ಹೊಗಳೋ ಚಟ ನನಗಿಲ್ಲ. ಆದರೂ 'ಸಕಾಲ'ವನ್ನ ಇಲ್ಲಿ ನೆನೆಯಲೇಬೇಕು. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯದ ತುಂಬ ಜಾರಿ. ಅರ್ಜಿ ಕೊಟ್ಟರೆ 15 ಅಂಕಿಯ ಒಂದು ನಂಬರು, ಕೆಲಸ ಯಾವತ್ತಿನೊಳಗೆ ಆಗಬೇಕು ಅನ್ನೋ ತಾರೀಖು. ತಪ್ಪಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಇಪ್ಪತ್ತು ರೂಪಾಯಿಗೆ ಒಂದು ಚಹಾ, ಒಂದು ಮಿರ್ಚಿ ಬಂದರೆ ಪುಣ್ಯ. ಎಲ್ಲ ಕಡೆ ಚಂದ ನಡೀತಿದೆ ಅಂತಲೂ ನಾನು ಹೇಳಲ್ಲ. ಆದರೆ ಆ ರಸೀದಿ ನನ್ನ ಕೈಯಲ್ಲಿದ್ದರೆ ಕಿಟಕಿ ಮುಂದೆ ನಿಂತು 'ನೀವೇ ಬರೆದ ತಾರೀಖು ನಿನ್ನೆಗೆ ಮುಗೀತಲ್ರಿ' ಅಂತ ಕೇಳಬಹುದು. ಬೇಡುವವನನ್ನ ಕೇಳುವವನನ್ನಾಗಿ ಮಾಡಿದ್ದು ಆ ಒಂದು ತಾರೀಖು. ವೀಸಾ ಸೇವೆಯಲ್ಲ, ಪರದೇಶದವನಿಗೆ ಅದು ಹಕ್ಕೂ ಅಲ್ಲ, ಒಪ್ಪಿದೆ. ಆದರೆ ಫೀ ತಗೊಂಡವರು ಅಂದಾಜು ದಿನ ಹೇಳೋದಕ್ಕೆ ಹಕ್ಕಿನ ಕಾಯ್ದೆ ಬೇಕಾಗಿಲ್ಲ. ನಮ್ಮ ಓಣಿಯ ಟೇಲರ್ ಕೂಡ ಬಟ್ಟೆ ಇಸ್ಕೊಂಡರೆ ವಾರ ಹೇಳ್ತಾನೆ.

ಚೀಟಿ ಏನೂ ಹೇಳದೇ ಇದ್ದಾಗ ಅರ್ಥವನ್ನ ಓದುಗರೇ ಹುಟ್ಟಿಸಿಕೊಳ್ತಾರೆ. ಬಿಳಿ ಚೀಟಿ ಅಂದ್ರೆ ಹೀಗೆ, ನೀಲಿ ಅಂದ್ರೆ ಹಾಗೆ, ಗುಲಾಬಿ ಬಂದರೆ ಮುಗೀತು ಅಂತ ಬಣ್ಣದ ಶಾಸ್ತ್ರ ಹೇಳೋ ಕನ್ಸಲ್ಟೆಂಟುಗಳಿದ್ದಾರೆ. ಹೈದರಾಬಾದಿನ ಹತ್ತಿರ ಚಿಲ್ಕೂರಿನ ಬಾಲಾಜಿಗೆ 'ವೀಸಾ ಬಾಲಾಜಿ' ಅಂತಲೇ ಹೆಸರು. ಹರಕೆಗೆ 11 ಪ್ರದಕ್ಷಿಣೆ, ಕೆಲಸ ಆದಮೇಲೆ 108. ನಗಬೇಡ್ರಿ. ಆ ದೇವರ ವ್ಯವಹಾರದಲ್ಲಿ ಎಷ್ಟು ಸುತ್ತು ಅಂತ ಲೆಕ್ಕವಾದ್ರೂ ಇದೆ.

ಹಾಗಾದ್ರೆ ಈ ಪಠ್ಯವನ್ನ ಹೇಗೆ ಓದಬೇಕು? ಬಣ್ಣ ಬಿಟ್ಟು ಅಕ್ಷರ ನೋಡ್ರಿ. ಏನಾದ್ರೂ ಕಾಗದ ಕೇಳಿದ್ದಾರಾ? ಕೇಳಿದ್ದರೆ ಅಷ್ಟನ್ನೇ, ಅವರು ಹೇಳಿದ ದಾರಿಯಲ್ಲೇ ಕಳಿಸ್ರಿ. ಒಂದು ವರ್ಷದೊಳಗೆ ಕಳಿಸದಿದ್ದರೆ ಹೊಸ ಅರ್ಜಿ, ಹೊಸ ಫೀ. ಏನೂ ಕೇಳಿಲ್ಲ ಅಂದ್ರೆ ಚೆಂಡು ನಿಮ್ಮ ಅಂಗಳದಲ್ಲಿಲ್ಲ, ದಿನಕ್ಕೊಂದು ಇ-ಮೇಲ್ ಹಾಕಿ ಪ್ರಯೋಜನ ಇಲ್ಲ. ಮೊದಲು ಬರೀಬೇಕಾದದ್ದು ನಿಮ್ಮ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿ ಕಚೇರಿಗೆ. ತಡವಾಗಿ ಸೇರಲು ಕೊನೆಯ ದಿನ ಯಾವುದು, ಮುಂದಿನ ಸೆಮಿಸ್ಟರಿಗೆ ಸೀಟು ಮುಂದೂಡಿ ಹೊಸ ದಿನಾಂಕದ ಐ-20 ಕೊಡ್ತೀರಾ ಅಂತ ಆಗಸ್ಟ್ ಬರೋದಕ್ಕೂ ಮುಂಚೆ ಕೇಳ್ರಿ. ಸಾಲದ ಕಂತು ಬಿಡುಗಡೆ ತಡೆಹಿಡಿಯಾಕ ಬ್ಯಾಂಕಿಗೆ ಬರಹದಲ್ಲಿ ಹೇಳ್ರಿ. ಇಂಟರ್ವ್ಯೂ ಮುಗಿದ ದಿನವೇ ನೌಕರಿ ಬಿಡಬೇಡ್ರಿ, ಪಾಸ್‌ಪೋರ್ಟ್ ಮೇಲೆ ವೀಸಾ ಕಂಡ ಮೇಲೆ ಬಿಡ್ರಿ. ಇನ್ನೊಂದು ಮಾತು: ಮುಂದೆ ಯಾವತ್ತಾದ್ರೂ ಡಿಎಸ್-160 ತುಂಬುವಾಗ, ಹಿಂದೆ ವೀಸಾ ನಿರಾಕರಣೆ ಆಗಿದೆಯಾ ಅನ್ನೋ ಪ್ರಶ್ನೆಗೆ 221-ಜಿ ಬಂದವರು 'ಹೌದು' ಅಂತಲೇ ತುಂಬಬೇಕು. ಆಮೇಲೆ ವೀಸಾ ಸಿಕ್ಕಿದ್ದರೂ ಸಹ. ಪದದ ಆಯ್ಕೆ ಎಷ್ಟು ದೂರ ಬೆನ್ನು ಹತ್ತಿ ಬರ್ತದೆ ನೋಡ್ರಿ.

ವಿಮರ್ಶಕ ಬರೀ ತಪ್ಪು ಹುಡುಕ್ತಾನೆ ಅನ್ನೋ ಮಾತು ಬರಬಾರದು ಅಂತ ತಿದ್ದುಪಡಿಯನ್ನೂ ಬರೀತೀನಿ. ಮೂರು ಸಾಲು ಸಾಕು. 'ನಿಮ್ಮ ಅರ್ಜಿ ಇನ್ನೂ ತಪಾಸಣೆಯಲ್ಲಿದೆ, ತೀರ್ಮಾನ ಆಗಿಲ್ಲ. ನಿಮ್ಮಿಂದ ಏನೂ ಬಾಕಿ ಇಲ್ಲ. ಇಂಥ ತಾರೀಖಿನೊಳಗೆ ತಿಳಿಸುತ್ತೇವೆ, ಆಗದಿದ್ದರೆ ಆ ದಿನ ಇನ್ನೊಂದು ತಾರೀಖು ತಿಳಿಸುತ್ತೇವೆ.' ಇದರಿಂದ ಯಾವ ದೇಶದ ಗುಟ್ಟೂ ಹೊರಗೆ ಬೀಳೋದಿಲ್ಲ, ಯಾವ ತಪಾಸಣೆಯೂ ಕೆಡೋದಿಲ್ಲ. ಕೊನೆಗೆ ಉತ್ತರ ಇಲ್ಲ ಅಂತ ಬಂದರೂ ಹುಡುಗರು ತಡಕೊಳ್ತಾರೆ, ಇಲ್ಲೇ ಎಂ.ಟೆಕ್. ಮಾಡ್ತಾರೆ, ಬೇರೆ ದೇಶ ನೋಡ್ತಾರೆ. ಯಾವತ್ತಿನವರೆಗೆ ಕಾಯಬೇಕು ಅಂತಷ್ಟು ಅವರಿಗೆ ಗೊತ್ತಾಗಬೇಕು.